ಟಿ.ವಿ.ಯ ಬೆನ್ನ ಹಿಂದಿನ ತೂತುಗಳು

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ, ಡಾಂಬರು ಬಿಟ್ಟು ಎರಡು ಕಿಲೋಮೀಟರ್ ಒಳಗೆ ನಮ್ಮ ಮನೆ. ಏಪ್ರಿಲ್ ಕೊನೆಯಿಂದ ಮುಂಗಾರು ಹಿಡಿಯುವ ತನಕ ಅಲ್ಲಿ ಸಂಜೆಯಾದರೆ ಗುಡುಗು. ಮಳೆಗಾಲದ ಮಳೆಗೆ ನಮ್ಮವರು ಹೆದರುವುದಿಲ್ಲ. ಅದಕ್ಕೆ ಮುಂಚಿನ ಈ ಒಣ ಸಿಡಿಲಿಗೆ ಹೆದರುತ್ತಾರೆ. ಹೋದ ವರ್ಷ ಮೇ ತಿಂಗಳ ಒಂದು ಸಂಜೆ ಅಮ್ಮ ಫೋನ್ ಮಾಡಿದಳು. "ಪುಟ್ಟಿ, ತೋಟದ ತಲೆಗೇ ಹೊಡೀತು ಮಾರಾಯ್ತಿ. ಮೀಟರ್ ಬೋರ್ಡಲ್ಲಿ ಕಿಡಿ ಹಾರ್ತು. ಟಿ.ವಿ. ಎಂತದೂ ಬರ್ತಾ ಇಲ್ಲ."

ಯಾರಿಗೂ ಏನೂ ಆಗಿರಲಿಲ್ಲ, ಅದೇ ದೊಡ್ಡದು. ಒಂದು ಫ್ಯಾನು, ಮೊಬೈಲ್ ಚಾರ್ಜರು, ಡಿಶ್‌ನ ಸೆಟ್ ಟಾಪ್ ಬಾಕ್ಸು ಸತ್ತಿದ್ದವು. ಟಿ.ವಿ.ಗೆ ಜೀವ ಇತ್ತು: ಸ್ವಿಚ್ ಹಾಕಿದರೆ ಕಂಪನಿಯ ಹೆಸರು ಬರುತ್ತಿತ್ತು, ಆಮೇಲೆ ನೀಲಿ ಪರದೆ, ಅದರ ಮೇಲೆ ಸಿಗ್ನಲ್ ಇಲ್ಲ ಎಂಬ ಬರಹ. ಡಿಶ್ ಹುಡುಗ ಬಂದು ಹೊಸ ಬಾಕ್ಸ್ ಕೂರಿಸಿದ ಮೇಲೂ ಅದೇ ಬರಹ. ಅವನು ಕೇಬಲ್ ಬದಲಿಸಿ ನೋಡಿದ, ಪಕ್ಕದ ತೂತಿಗೆ ಹಾಕಿ ನೋಡಿದ, "ಎರಡೂ ಎಚ್‌ಡಿಎಂಐ ಹೋಗಿದೆ ಅಮ್ಮ" ಅಂತ ಹೇಳಿ ಹೋದ. ಬಾಕ್ಸಿನಿಂದ ಟಿ.ವಿ.ಗೆ ಚಿತ್ರ, ಧ್ವನಿ ಎರಡನ್ನೂ ತರುವ ವೈರಿಗೂ ಅದರ ತೂತಿಗೂ ಎಚ್‌ಡಿಎಂಐ ಎನ್ನುತ್ತಾರೆ. ಸರ್ವಿಸ್‌ನವರಿಗೆ ಫೋನ್ ಮಾಡಿದರೆ ಮಾಡೆಲ್ ನಂಬರ್ ಕೇಳಿದರು. 2013ರ ಸೆಟ್ಟು, ಅದರ ಮೇನ್ ಬೋರ್ಡ್ ಈಗ ಬರುವುದಿಲ್ಲ, ಹೊಸದು ತಗೊಳ್ಳಿ ಅಂದರು.

ಹೊಸದು ಕೊಡಿಸಲು ನನಗೆ ಆಗುತ್ತಿರಲಿಲ್ಲ ಅಂತಲ್ಲ. ಅಪ್ಪಯ್ಯ ಒಪ್ಪಲಿಲ್ಲ. "ಪರದೆ ಚೆಂದ ಉರೀತಾ ಇದೆ. ಒಂದು ತೂತು ಕೆಟ್ಟಿದ್ದಕ್ಕೆ ಇಡೀ ಟಿ.ವಿ. ಎಸೆಯೂದು ಎಂತಕ್ಕೆ?" ಎಂದು ಕೇಳಿದರು. ಎಪ್ಪತ್ತಾರು ವರ್ಷದ ಅವರ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ.

ಬೆಳಿಗ್ಗೆ ಕಾಫಿ ಕುಡಿದವಳೇ ಟಿ.ವಿ.ಯನ್ನು ಗೋಡೆಯಿಂದ ಇಳಿಸಿ ಮಂಚದ ಮೇಲೆ ಕಂಬಳಿ ಹಾಸಿ ಬೋರಲಾಗಿ ಮಲಗಿಸಿದೆ. ಹನ್ನೊಂದು ವರ್ಷದಿಂದ ಗೋಡೆಗೆ ಅಂಟಿಕೊಂಡಿದ್ದ ಅದರ ಬೆನ್ನನ್ನು ಯಾರೂ ನೋಡಿಯೇ ಇರಲಿಲ್ಲ. ಜೇಡರ ಬಲೆ, ಹಲ್ಲಿಯ ಮೊಟ್ಟೆಯ ಸಿಪ್ಪೆ, ಗಟ್ಟಿಯಾದ ಧೂಳು. ಅಮ್ಮ ಹಳೆಯ ಟೂತ್ ಬ್ರಷ್ ತಂದುಕೊಟ್ಟಳು. ಉಜ್ಜುತ್ತಾ ಹೋದ ಹಾಗೆ ಒಂದೊಂದೇ ತೂತು ಹೊರಬಂತು. ಎಚ್‌ಡಿಎಂಐ ಎರಡು. ಯುಎಸ್‌ಬಿ ಒಂದು. ಕಂಪ್ಯೂಟರಿನ ಚಿತ್ರಕ್ಕೆಂದು ನೀಲಿ ಬಣ್ಣದ ವಿಜಿಎ ಒಂದು, ಅದರ ಪಕ್ಕ ಕಂಪ್ಯೂಟರಿನ ಧ್ವನಿಗೆಂದು 3.5 ಮಿಲಿಮೀಟರ್‌ನ ಸಣ್ಣ ತೂತು. ಹಸಿರು, ನೀಲಿ, ಕೆಂಪು, ಬಿಳಿ, ಮತ್ತೆ ಕೆಂಪು ಎಂದು ಐದು ಗುಂಡಗಿನ ಬಾಯಿಗಳು. ಆಂಟೆನಾ ತಿರುಪು. ಹೆಡ್‌ಫೋನ್ ತೂತು. ಇಷ್ಟು ಬಗೆಯ ದಾರಿಗಳಲ್ಲಿ ನಾವು ಇಷ್ಟು ವರ್ಷ ಬಳಸಿದ್ದು ಎಚ್‌ಡಿಎಂಐ ಎಂಬ ಒಂದೇ ಬಗೆಯನ್ನು, ಅದೇ ಈಗ ಮುಚ್ಚಿಹೋಗಿತ್ತು.

ಪೇಟೆಯಿಂದ ರಿಪೇರಿಯವರೊಬ್ಬರನ್ನು ಕರೆಸಿದೆ. ನಾಲ್ಕು ಸ್ಕ್ರೂ ಬಿಚ್ಚಿ, ಹೆಡ್‌ಲೈಟ್ ಕಟ್ಟಿಕೊಂಡು ನೋಡಿ, ಎಚ್‌ಡಿಎಂಐ ತೂತಿನ ಹಿಂದೆ ಅಕ್ಕಿಕಾಳಿನಷ್ಟು ದೊಡ್ಡ ಒಂದು ಭಾಗ ಕಪ್ಪಗಾಗಿದ್ದನ್ನು ಬೆರಳಿಟ್ಟು ತೋರಿಸಿದರು. "ಡಿಶ್‌ನ ವೈರಲ್ಲಿ ಬಂದದ್ದು ಬಾಕ್ಸ್ ಸುಟ್ಟು, ಎಚ್‌ಡಿಎಂಐ ಕೇಬಲ್ ಹಿಡ್ಕೊಂಡು ಇಲ್ಲಿಗೆ ಬಂದಿದೆ ಅಕ್ಕ. ಉಳಿದ ಬೋರ್ಡಿಗೆ ಎಂತದೂ ಆಗ್ಲಿಲ್ಲ." ಯೂನಿವರ್ಸಲ್ ಬೋರ್ಡ್ ಹಾಕಬಹುದು, ಆದರೆ ಪ್ಯಾನೆಲ್‌ಗೆ ಹೊಂದುವ ಕೇಬಲ್ಲು ಸಿಗಬೇಕು, ರಿಮೋಟು ಬದಲಾಗುತ್ತದೆ ಎಂದರು. ಅದನ್ನು ಕೊನೆಯ ದಾರಿ ಎಂದು ಇಟ್ಟುಕೊಂಡೆ.

ಅವರು ಹೇಳಿದ ಮಾತಿನಿಂದ ನನಗೆ ಒಂದು ಸಂಗತಿ ಹೊಳೆಯಿತು. ಎಚ್‌ಡಿಎಂಐ ಎನ್ನುವುದು ಬರೀ ಚಿತ್ರ ಸುರಿಯುವ ಕೊಳವೆ ಅಲ್ಲ. ಅದರ 19 ಪಿನ್‌ಗಳಲ್ಲಿ ಕೆಲವು ಮಾತುಕತೆಗೆಂದೇ ಇವೆ. ಬಾಕ್ಸು ಮೊದಲು 5 ವೋಲ್ಟ್ ಕಳಿಸಿ ಬಾಗಿಲು ತಟ್ಟುತ್ತದೆ. ಟಿ.ವಿ. "ಇದ್ದೇನೆ" ಎಂದು ಇನ್ನೊಂದು ಪಿನ್ನಿನಲ್ಲಿ ಓಗೊಡುತ್ತದೆ, ತಾನು ಎಷ್ಟು ಅಗಲ, ಎಷ್ಟು ಎತ್ತರದ ಚಿತ್ರ ತೋರಿಸಬಲ್ಲೆ ಎಂಬ ಪಟ್ಟಿ ಕೊಡುತ್ತದೆ. ಈ ಮಾತುಕತೆ ಮುಗಿದ ಮೇಲೇ ಚಿತ್ರ. ಓಗೊಡುವ ಆ ಅಕ್ಕಿಕಾಳು ಸುಟ್ಟರೆ ಬಾಕ್ಸಿನ ಪಾಲಿಗೆ ಮನೆಯಲ್ಲಿ ಯಾರೂ ಇಲ್ಲ. ಎವಿ ಎನ್ನುವ ಹಳೆಯ ಹಳದಿ, ಬಿಳಿ, ಕೆಂಪು ವೈರುಗಳಲ್ಲಿ ಚಿತ್ರ ಒಯ್ಯುವ ಹಳದಿಗೆ ಇಂಥ ಮಾತುಕತೆ ಬೇಕಾಗಿಲ್ಲ. ಬೆಳಕು, ಬಣ್ಣ, ಗೆರೆ ಕೂಡಿಸುವ ಗುರುತು ಎಲ್ಲವನ್ನೂ ಒಂದೇ ತಂತಿಯಲ್ಲಿ ಸುಮ್ಮನೆ ಕಳಿಸುತ್ತಾ ಇರುತ್ತದೆ. ಆ ಕಡೆ ಯಾರಾದರೂ ಇದ್ದರೆ ನೋಡಿಕೊಳ್ಳಲಿ. ಹಾಗಾದರೆ ಹಳದಿ ದಾರಿ ಬದುಕಿರಲೇಬೇಕು ಅನ್ನಿಸಿತು.

ಟಿ.ವಿ.ಯ ಉಳಿದ ಭಾಗ ನಿಜವಾಗಿ ಸರಿ ಇದೆಯೇ ಎಂದು ನೋಡಲು ಮೊದಲು ಪೆನ್‌ಡ್ರೈವ್ ಹಾಕಿದೆ. ನಮ್ಮೂರ ಗದ್ದೆಯಲ್ಲಿ ಆದ ಯಕ್ಷಗಾನ ಬಯಲಾಟವನ್ನು ನನ್ನ ಅಣ್ಣನ ಮಗ ಮೊಬೈಲಿನಲ್ಲಿ ಹಿಡಿದಿದ್ದ, ಅದೇ ಫೈಲು. ಭಾಗವತರ ಪದ ಕೇಳಿಸಿತು, ಚೆಂಡೆ ಕೇಳಿಸಿತು, ಪರದೆ ಮಾತ್ರ ಕಪ್ಪು. ಅಪ್ಪಯ್ಯ ಕುರ್ಚಿ ಹತ್ತಿರ ಎಳೆದುಕೊಂಡು ಕಪ್ಪು ಪರದೆಯನ್ನೇ ನೋಡುತ್ತಾ ಕೂತರು. ಅದು ಸಿಡಿಲಿನ ದೋಷ ಆಗಿರಲಿಲ್ಲ. ಈಗಿನ ಫೋನುಗಳು ಜಾಗ ಉಳಿಸಲು ಎಚ್.265 ಎಂಬ ರೀತಿಯಲ್ಲಿ ವಿಡಿಯೋ ಮಡಚಿ ಇಡುತ್ತವೆ, 2013ರ ಟಿ.ವಿ.ಗೆ ಬಿಚ್ಚಲು ಬರುವುದು ಅದಕ್ಕಿಂತ ಹಿಂದಿನ ಎಚ್.264 ಮಾತ್ರ. ಲ್ಯಾಪ್‌ಟಾಪಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಬದಲಿಸಿದೆ. ಇಡೀ ರಾತ್ರಿಯ ಆಟ ಒಂದೇ ಫೈಲಾಗಿ ಪೆನ್‌ಡ್ರೈವ್‌ಗೆ ಹೋಗಲಿಲ್ಲ, ಯಾಕೆಂದರೆ ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ 4 ಜಿ.ಬಿ.ಗಿಂತ ದೊಡ್ಡ ಫೈಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಲ್ಲಿ ಕತ್ತರಿಸಬೇಕು ಎಂದು ಅಪ್ಪಯ್ಯನೇ ಹೇಳಿದರು: ಪದದ ನಡುವೆ ಬೇಡ, ವೇಷ ಒಳಗೆ ಹೋಗುವಾಗ ಕಡಿ. ಹಾಗೆ ಐದು ತುಂಡು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಮೊದಲ ತುಂಡು ಪರದೆಯ ಮೇಲೆ ಬಂತು. ಬಣ್ಣ, ಬೆಳಕು ಎಲ್ಲ ಮೊದಲಿನ ಹಾಗೇ ಇತ್ತು.

ಇನ್ನು ಡಿಶ್ಶು. ಶಿವಮೊಗ್ಗಕ್ಕೆ ಹೋದಾಗ ಅಂಗಡಿಯೊಂದರಲ್ಲಿ ಒಂದು ತುದಿಗೆ ಎಚ್‌ಡಿಎಂಐ, ಇನ್ನೊಂದು ತುದಿಗೆ ಹಳದಿ, ಬಿಳಿ, ಕೆಂಪು ಇರುವ ಕೇಬಲ್ ನೇತುಹಾಕಿದ್ದರು. ನೂರೈವತ್ತು ರೂಪಾಯಿ. ಬೇಕಾದದ್ದೇ ಸಿಕ್ಕಿತು ಎಂದು ತಂದೆ. ಕೂರಿಸಿದರೆ ಏನೂ ಇಲ್ಲ. ಇದನ್ನು ಓದುವವರಲ್ಲಿ ಒಬ್ಬರಾದರೂ ಆ ದುಡ್ಡು ಉಳಿಸಿಕೊಳ್ಳಲಿ ಎಂದು ಬಿಡಿಸಿ ಹೇಳುತ್ತೇನೆ. ಎಚ್‌ಡಿಎಂಐಯಲ್ಲಿ ಹರಿಯುವುದು ಸೊನ್ನೆ-ಒಂದುಗಳ ಡಿಜಿಟಲ್ ಲೆಕ್ಕ. ಹಳದಿ ವೈರಿಗೆ ಬೇಕಾದ್ದು ಏರಿಳಿಯುವ ಅನಲಾಗ್ ಅಲೆ. ಒಂದನ್ನು ಇನ್ನೊಂದು ಮಾಡಲು ನಡುವೆ ಚಿಪ್ ಇರುವ, ಕರೆಂಟು ಬೇಡುವ ಒಂದು ಡಬ್ಬಿ ಬೇಕೇ ಬೇಕು. ಬರೀ ತಾಮ್ರದ ಎಳೆ ಜೋಡಿಸಿದ ಕೇಬಲ್ ಎಷ್ಟು ಚೆಂದ ಇದ್ದರೂ ಆ ಕೆಲಸ ಮಾಡಲಾರದು. ಹೀಗಿದ್ದೂ ಅದನ್ನು ಯಾವ ಎಚ್ಚರಿಕೆಯೂ ಇಲ್ಲದೆ ಮಾರುತ್ತಾರೆ. ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ, ಕೂರಿಸಿ ಕೆಲಸ ಮಾಡದಿದ್ದಾಗ ಅಮ್ಮ "ಟಿ.ವಿ.ಯೇ ಪೂರ್ತಿ ಹೋಗಿದೆ ಕಾಣ್ತದೆ" ಎಂದು ಕೈಬಿಟ್ಟಿದ್ದಳು. ಎಷ್ಟು ಮನೆಗಳಲ್ಲಿ ಒಳ್ಳೆಯ ಟಿ.ವಿ. ಹೀಗೆ ಗುಜರಿಗೆ ಹೋಗಿರಬಹುದು.

ಆ ಮೇಲೆ ಕಣ್ಣಿಗೆ ಬಿದ್ದದ್ದು ಬಾಕ್ಸಿನ ಹಿಂದೆ, ಡಿಶ್ ವೈರಿನ ಪಕ್ಕದಲ್ಲೇ ಇದ್ದ ಒಂದು ಪುಟ್ಟ ಗುಂಡು ತೂತು. ಎವಿ ಎಂದು ಕೆತ್ತಿತ್ತು. ನಾನು ಹೆಡ್‌ಫೋನಿನದ್ದು ಅಂದುಕೊಂಡಿದ್ದೆ. ಜಾಗ ಸಾಲದ ಈಗಿನ ಪುಟ್ಟ ಬಾಕ್ಸುಗಳಲ್ಲಿ ಮೂರು ಬಣ್ಣದ ಬಾಯಿಗಳನ್ನೂ ಒಂದೇ 3.5 ಮಿಲಿಮೀಟರ್ ತೂತಿಗೆ ಇಳಿಸಿರುತ್ತಾರೆ. ಅದಕ್ಕೆ ಹಾಕುವ, ಒಂದು ತುದಿಗೆ ಕಡ್ಡಿ, ಇನ್ನೊಂದು ತುದಿಗೆ ಮೂರು ಬಣ್ಣದ ಪಿನ್ ಇರುವ ವೈರನ್ನು ಡಿಶ್ ಹುಡುಗ ಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ. ಬೀರುವಿನಲ್ಲಿ ಅಣ್ಣನ ಮದುವೆ ಕಾಲದ ಹ್ಯಾಂಡಿಕ್ಯಾಮ್‌ನ ಚೀಲದಲ್ಲಿ ಅಂಥದ್ದೇ ಒಂದು ವೈರು ಇತ್ತು.

ಹಾಕಿದ ಕೂಡಲೇ ಗೊಂಯ್ ಎಂದು ಮನೆ ನಡುಗುವ ಸದ್ದು. ಚಿತ್ರ ಇಲ್ಲ. ಅಡುಗೆಮನೆಯಿಂದ ಅಮ್ಮ ಓಡಿ ಬಂದಳು. ಗಾಬರಿಯಲ್ಲಿ ಕಿತ್ತುಹಾಕಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಸದ್ದೇ ನನಗೆ ಉತ್ತರ ಕೊಟ್ಟಿತ್ತು: ಸ್ಪೀಕರಿನಲ್ಲಿ ಗೊಂಯ್ ಅನ್ನುತ್ತಿರುವುದು ಚಿತ್ರವೇ! ಆ ಕಡ್ಡಿಯ ಮೇಲೆ ಮೂರು ಕಪ್ಪು ಉಂಗುರ, ಅವುಗಳ ನಡುವೆ ನಾಲ್ಕು ಲೋಹದ ತುಂಡು. ಯಾವ ತುಂಡಿನಲ್ಲಿ ಚಿತ್ರ, ಯಾವುದರಲ್ಲಿ ಧ್ವನಿ, ಯಾವುದು ನೆಲ (ಎಲ್ಲಕ್ಕೂ ಹಿಂತಿರುಗುವ ದಾರಿ) ಎಂಬುದನ್ನು ಕಂಪನಿಗಳೆಲ್ಲ ಒಂದೇ ಥರ ಇಟ್ಟಿಲ್ಲ. ಹ್ಯಾಂಡಿಕ್ಯಾಮ್‌ನ ಜೋಡಣೆ ಬೇರೆ, ಬಾಕ್ಸಿನ ಜೋಡಣೆ ಬೇರೆ. ಟಿ.ವಿ. ಕಡೆ ಪಿನ್‌ಗಳನ್ನು ಅದಲು ಬದಲು ಮಾಡುತ್ತಾ ಹೋದೆ. ಕೆಂಪು ಪಿನ್ನನ್ನು ಚಿತ್ರದ ಬಾಯಿಗೂ ಹಳದಿಯನ್ನು ಧ್ವನಿಯ ಕೆಂಪು ಬಾಯಿಗೂ ಹಾಕಿದಾಗ ಗೊಂಯ್ ನಿಂತಿತು, ಚಂದನ ವಾರ್ತೆ ಓದುವವರ ಮುಖ ಬಂತು. (ಎಲ್ಲ ವೈರಿಗೂ ಈ ಅದಲು ಬದಲು ನಡೆಯುವುದಿಲ್ಲ. ನೆಲದ ತುಂಡೇ ಬೇರೆ ಇದ್ದರೆ ಹೊಂದುವ ವೈರನ್ನೇ ತರಬೇಕು.)

ಮುಖ ಬಂತು, ಬಣ್ಣ ಬರಲಿಲ್ಲ. ಪೂರ್ತಿ ಕಪ್ಪು ಬಿಳುಪು. "ನಮ್ಮ ಮೊದಲ್ನೇ ಟಿ.ವಿ. ಥರ ಆಯ್ತಲ್ಲ" ಅಂದಳು ಅಮ್ಮ. ಭಾರತದಲ್ಲಿ ಬಣ್ಣದ ಟಿ.ವಿ. ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ. ನಮ್ಮ ಮನೆಗೆ ಅದು ಬರಲು ಇನ್ನೂ ಹದಿನೈದು ವರ್ಷ ಹಿಡಿದಿತ್ತು. ಬಣ್ಣ ಬಾರದ ಕಾರಣ ರಿಮೋಟಿನಲ್ಲಿತ್ತು. ನಮ್ಮ ಟಿ.ವಿ.ಗೆ ಹಳದಿ ಬಾಯಿ ಬೇರೆ ಇಲ್ಲ. ಹಸಿರು ಬಾಯಿಯೇ ಎರಡು ಕೆಲಸ ಮಾಡುತ್ತದೆ. ಇನ್‌ಪುಟ್ ಪಟ್ಟಿಯಲ್ಲಿ ಕಾಂಪೊನೆಂಟ್ ಎಂದು ಆರಿಸಿದರೆ ಹಸಿರಿನಿಂದ ಬೆಳಕಿನ ಭಾಗವನ್ನು ಮಾತ್ರ ತೆಗೆದುಕೊಂಡು, ಬಣ್ಣಕ್ಕಾಗಿ ನೀಲಿ, ಕೆಂಪು ಬಾಯಿಗಳ ಕಡೆ ನೋಡುತ್ತದೆ. ಎವಿ ಎಂದು ಆರಿಸಿದರೆ ಅದೇ ಹಸಿರು ಬಾಯನ್ನು ಹಳದಿ ಎಂದು ತಿಳಿಯುತ್ತದೆ. ರಿಮೋಟಿನಲ್ಲಿ ಒಂದು ಗುಂಡಿ ಕೆಳಗೆ ಒತ್ತಿದೆ. ಬಣ್ಣ ಬಂತು.

ಚಿತ್ರ ಎಚ್‌ಡಿಎಂಐಯಷ್ಟು ಚೂಪಾಗಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ದೇಶದ ಪಾಲ್ ಎಂಬ ಅನಲಾಗ್ ಟಿ.ವಿ. ಪದ್ಧತಿಯಲ್ಲಿ 625 ಅಡ್ಡಗೆರೆ, ಅದರಲ್ಲಿ ಚಿತ್ರಕ್ಕೆ ಸಿಗುವುದು 576. ಕೆಳಗೆ ಓಡುವ ಸಣ್ಣ ಅಕ್ಷರದ ಅಂಚು ಸ್ವಲ್ಪ ಕಲಸುತ್ತದೆ. ಮುಖಗಳು ಉದ್ದವಾಗಿ ಕಂಡವು, ಟಿ.ವಿ.ಯ ಅಳತೆಯನ್ನು 16:9 ಮಾಡಿದೆ, ಬಾಕ್ಸಿನಲ್ಲೂ ಹಾಗೇ ಮಾಡಿದೆ, ಸರಿಯಾಯಿತು. ಮೂವತ್ತೆರಡು ಇಂಚಿನ ಪರದೆಯನ್ನು ಹತ್ತು ಅಡಿ ದೂರದಿಂದ ನೋಡುವ ನನ್ನ ತಂದೆ ತಾಯಿಗೆ ವ್ಯತ್ಯಾಸ ತಿಳಿಯಲಿಲ್ಲ. ನಾನೂ ಆಮೇಲೆ ಅದರ ಮಾತೆತ್ತಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಪ್ಪಯ್ಯನಿಗೆ ಬೇಕಾದದ್ದು ಡಿಶ್ಶಿನಲ್ಲಿ ಸಿಗುವುದು ಕಡಿಮೆ. ಅವರಿಗೆ ಯೂಟ್ಯೂಬಿನ ಹಳೆಯ ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಬೇಕು, ಬಡಗುತಿಟ್ಟಿನ ಆಟ ಬೇಕು. ಇಲ್ಲಿಯವರೆಗೆ ಎರಡನೇ ಎಚ್‌ಡಿಎಂಐ ತೂತಿಗೆ ಸಿಕ್ಕಿಸಿದ, ಇಂಟರ್ನೆಟ್ಟಿನ ವಿಡಿಯೋ ಟಿ.ವಿ.ಗೆ ತರುವ ಪುಟ್ಟ ಸ್ಟಿಕ್ಕಿನಲ್ಲಿ ಅದನ್ನು ನೋಡುತ್ತಿದ್ದರು. ಸಿಡಿಲಿಗೆ ಸ್ಟಿಕ್ಕಿಗೆ ಏನೂ ಆಗಿರಲಿಲ್ಲ. ಅದನ್ನು ಸಿಕ್ಕಿಸಲು ಜಾಗ ಇರಲಿಲ್ಲ ಅಷ್ಟೆ.

ಮೊದಲು ಫೋನಿನಿಂದ ನೇರವಾಗಿ ಕಳಿಸುವ ಯೋಚನೆ ಮಾಡಿದೆವು. ಟಿ.ವಿ. ಸ್ಮಾರ್ಟ್ ಅಲ್ಲ, ವೈಫೈ ಇಲ್ಲ, ಹಾಗಾಗಿ ಗಾಳಿಯ ದಾರಿ ಮುಚ್ಚಿದ್ದೇ. ಅಣ್ಣನ ಮಗನ ಫೋನಿನ ಟೈಪ್-ಸಿ ತೂತಿನಿಂದ ಚಿತ್ರ ತೆಗೆಯಬಹುದೇ ಎಂದು ಸ್ನೇಹಿತೆಯ ಅಡಾಪ್ಟರ್ ಹಾಕಿ ನೋಡಿದೆ, ಬರಲಿಲ್ಲ. ಟೈಪ್-ಸಿ ಎಂಬುದು ತೂತಿನ ಆಕಾರದ ಹೆಸರು. ಅದರಲ್ಲಿ ಚಿತ್ರವೂ ಹೊರಡಬೇಕಾದರೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ಸೌಕರ್ಯ ಫೋನಿನ ಒಳಗೆ ಇರಬೇಕು, ಕಡಿಮೆ ಬೆಲೆಯ ಫೋನುಗಳಲ್ಲಿ ಹೆಚ್ಚಾಗಿ ಅದು ಇರುವುದಿಲ್ಲ. ಫೋನಿನ ವಿವರಪಟ್ಟಿಯಲ್ಲಿ ಅದನ್ನು ನೋಡಿಕೊಂಡೇ ಅಡಾಪ್ಟರ್ ಕೊಳ್ಳಬೇಕು.

ಬೆಂಗಳೂರಿಗೆ ಮರಳಿದ ಮೇಲೆ ಒಂದು ಶನಿವಾರ ಎಲೆಕ್ಟ್ರಾನಿಕ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ನನ್ನ ಮನಸ್ಸಿನಲ್ಲಿ ಎಚ್‌ಡಿಎಂಐಯಿಂದ ಎವಿ ಮಾಡುವ ಡಬ್ಬಿ ಇತ್ತು. ಅಂಗಡಿಯವರು ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಮನೆಯಲ್ಲಿ ತೆಗೆದು ನೋಡಿದರೆ ಅದು ಎವಿಯಿಂದ ಎಚ್‌ಡಿಎಂಐ ಮಾಡುವ ಡಬ್ಬಿ, ಉಲ್ಟಾ ದಿಕ್ಕಿನದು. ಎರಡೂ ನೋಡಲು ಅವಳಿಜವಳಿ: ಅದೇ ಗಾತ್ರ, ಒಂದು ಕಡೆ ಮೂರು ಬಣ್ಣದ ಬಾಯಿ, ಇನ್ನೊಂದು ಕಡೆ ಎಚ್‌ಡಿಎಂಐ, ಕರೆಂಟಿಗೆ ಸಣ್ಣ ಯುಎಸ್‌ಬಿ. ಮೇಲೆ ಬರೆದದ್ದರಲ್ಲಿ ಯಾವ ಹೆಸರು ಮೊದಲು ಇದೆ ಎಂಬುದೊಂದೇ ಗುರುತು. ಮೊದಲ ಹೆಸರು ಒಳಬರುವುದು, ಎರಡನೆಯದು ಹೊರಹೋಗುವುದು.

ಬದಲಿಸಲು ಮರುವಾರ ಹೋದಾಗ ನಾನು ಟಿ.ವಿ.ಯ ಬೆನ್ನಿನ ಫೋಟೋ ತೆಗೆದುಕೊಂಡು ಹೋಗಿದ್ದೆ. ಅದನ್ನು ನೋಡಿದ ಅಂಗಡಿಯ ಹಿರಿಯರು, "ವಿಜಿಎ ಇದೆಯಲ್ಲಮ್ಮ, ಎವಿ ಯಾಕೆ ಹಾಕ್ತೀರಿ? ವಿಜಿಎ ಹಾಕಿ, ಚಿತ್ರ ಚೆನ್ನಾಗಿ ಬರತ್ತೆ" ಅಂದರು. ಆ ಒಂದು ಮಾತಿಗೆ ನಾನು ಇಂದಿಗೂ ಋಣಿ. ವಿಜಿಎ 1987ರಷ್ಟು ಹಳೆಯದು, 15 ಪಿನ್‌ಗಳ ಅನಲಾಗ್ ದಾರಿ. ಆದರೆ ಹಳದಿ ವೈರಿನ ಹಾಗೆ ಎಲ್ಲವನ್ನೂ ಒಂದೇ ಎಳೆಗೆ ತುರುಕುವುದಿಲ್ಲ. ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಎಳೆ. ಟಿ.ವಿ.ಯ ಪ್ಯಾನೆಲ್ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳದ್ದು. ಆ ಚುಕ್ಕಿಗಳಷ್ಟನ್ನೂ ವಿಜಿಎ ಸಲೀಸಾಗಿ ತುಂಬಿಸಬಲ್ಲದು. ಧ್ವನಿ ಮಾತ್ರ ಅದರಲ್ಲಿ ಹೋಗುವುದಿಲ್ಲ. ಹಾಗಾಗಿ ಎಚ್‌ಡಿಎಂಐಯಿಂದ ವಿಜಿಎ ಮಾಡುವ, ಹಾಡಿನ ತೂತು ಬೇರೆಯಾಗಿ ಇರುವ ಅಡಾಪ್ಟರನ್ನೇ ಕೇಳಿ ತಗೊಂಡೆ, ಎರಡೂ ಕಡೆ 3.5 ಮಿಲಿಮೀಟರ್ ಕಡ್ಡಿ ಇರುವ ವೈರನ್ನೂ ತಗೊಂಡೆ.

ಊರಿನಲ್ಲಿ ಕೂರಿಸಿದಾಗ ಸ್ಟಿಕ್ಕು ಹತ್ತಿಕೊಂಡಿತು, ಹೆಸರು ತೋರಿಸಿತು, ಆರಿತು. ಮತ್ತೆ ಹತ್ತಿತು, ಆರಿತು. ಅದರ ಕರೆಂಟಿಗೆ ಟಿ.ವಿ.ಯ ಯುಎಸ್‌ಬಿಯನ್ನೇ ಬಳಸಿದ್ದೆ. ಯುಎಸ್‌ಬಿ 2.0 ತೂತು ನಿಯಮದ ಪ್ರಕಾರ ಕೊಡಬೇಕಾದ್ದು ಅರ್ಧ ಆಂಪಿಯರ್. ಸ್ಟಿಕ್ಕು ಕೇಳುವುದು ಅದರ ದುಪ್ಪಟ್ಟು, ಜೊತೆಗೆ ಈ ಅಡಾಪ್ಟರು ಕೂಡ ಅದರಿಂದಲೇ ಹೀರುತ್ತದೆ. ಸ್ಟಿಕ್ಕಿನದೇ ಚಾರ್ಜರನ್ನು ಗೋಡೆಗೆ ಹಾಕಿದ ಮೇಲೆ ಆರಲಿಲ್ಲ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ. ಸಿಗ್ನಲ್ಲು ಸಿಗುವುದು ಜಗಲಿಯ ಕಿಟಕಿಯಲ್ಲಿ ಮಾತ್ರ. ಅಲ್ಲಿ ಹಳೆಯ ಫೋನೊಂದನ್ನು ಹಾಟ್‌ಸ್ಪಾಟ್ ಮಾಡಿ ಇಟ್ಟಿದ್ದೇವೆ, ಅದು ಮೊದಲಿನಿಂದಲೂ ಇರುವ ವ್ಯವಸ್ಥೆ.

ಯೂಟ್ಯೂಬ್ ಬಂತು. ಎವಿಗಿಂತ ಎಷ್ಟೋ ಚೂಪು. ವೇಷದ ಮುಂಡಾಸಿನ ಜರಿ, ಎದೆಕಟ್ಟಿನ ಮಣಿ ಬಿಡಿಬಿಡಿಯಾಗಿ ಕಂಡಿತು. ದುಡ್ಡು ಕೊಟ್ಟು ನೋಡುವ ಒಂದು ಆಪ್ ಮಾತ್ರ ಚಿತ್ರ ಕೊಡಲಿಲ್ಲ. ಎಚ್‌ಡಿಎಂಐಯಲ್ಲಿ ಎಚ್‌ಡಿಸಿಪಿ ಎಂಬ ಬೀಗ ಇರುತ್ತದೆ. ನಕಲು ಮಾಡದಂತೆ ತಡೆಯಲು ಹಾಕಿದ್ದು; ಆ ತುದಿಯ ಸಲಕರಣೆ ಬೀಗದ ಕೈ ತೋರಿಸದಿದ್ದರೆ ಕೆಲವು ಆಪ್‌ಗಳು ಚಿತ್ರ ಬಿಡುವುದಿಲ್ಲ. ವಿಜಿಎಯಲ್ಲಿ ಅಂಥ ಬೀಗವೇ ಇಲ್ಲ, ಹಾಗಾಗಿ ತೋರಿಸಲು ಬೀಗದ ಕೈಯೂ ಇಲ್ಲ. ಆ ಆಪ್ ನೋಡುತ್ತಿದ್ದವಳು ಊರಿಗೆ ಹೋದಾಗ ನಾನೊಬ್ಬಳೇ. ಬಿಟ್ಟೆ.

ಈಗ ಉಳಿದದ್ದು ಧ್ವನಿ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ನಮ್ಮ ಮನೆಯಲ್ಲಿ ಜಗಳ ಆಗುತ್ತಿದ್ದದ್ದು ಇದಕ್ಕೇ. ಅಪ್ಪಯ್ಯನಿಗೆ ಕಿವಿ ಮಂದ. ಅವರಿಗೆ ಕೇಳುವಷ್ಟು ಜೋರು ಮಾಡಿದರೆ ಅಮ್ಮನಿಗೆ ತಲೆನೋವು. ಅಮ್ಮನಿಗೆ ಹಿತವಾಗುವಷ್ಟು ಇಟ್ಟರೆ ಅಪ್ಪಯ್ಯನಿಗೆ ಮಾತಿನ ಅರ್ಥವೇ ಹೋಗುತ್ತದೆ, ತಾಳಮದ್ದಲೆಯಲ್ಲಿ ಅರ್ಥ ಹೋದ ಮೇಲೆ ಇನ್ನೇನು ಉಳಿಯಿತು? ಸ್ಟಿಕ್ಕಿಗೆ ಬ್ಲೂಟೂತ್ ಹೆಡ್‌ಫೋನ್ ಜೋಡಿಸಿ ಕೊಟ್ಟೆ. ಎರಡು ನಿಮಿಷ ಕೇಳಿ ತೆಗೆದಿಟ್ಟರು. "ಚೆಂಡೆ ಪೆಟ್ಟಿಗೂ ಹೆಜ್ಜೆಗೂ ತಾಳ ತಪ್ತಾ ಇದೆ. ಇದನ್ನ ನೋಡೂದಕ್ಕಿಂತ ನೋಡದೇ ಇರೂದು ವಾಸಿ."

ನನಗೆ ಮೊದಲು ಗೊತ್ತೇ ಆಗಿರಲಿಲ್ಲ. ಹಾಕಿಕೊಂಡು ನೋಡಿದೆ. ಮಾತಿನ ಭಾಗದಲ್ಲಿ ಅಷ್ಟು ತಿಳಿಯುವುದಿಲ್ಲ, ಆದರೆ ವೇಷ ಕಾಲು ನೆಲಕ್ಕೆ ಇಟ್ಟ ಮೇಲೆ ಪೆಟ್ಟು ಬರುತ್ತಿತ್ತು. ಬ್ಲೂಟೂತ್ ಧ್ವನಿಯನ್ನು ಮಡಚಿ, ಕಳಿಸಿ, ಆ ಕಡೆ ಬಿಚ್ಚುವಷ್ಟರಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೋ, ಅದಕ್ಕಿಂತ ಹೆಚ್ಚೋ ಹೋಗಿರುತ್ತದೆ. ಸಿನಿಮಾ ನೋಡುವ ನನಗೆ ಕಾಣದ ತಪ್ಪು, ಅರವತ್ತು ವರ್ಷ ಆಟ ನೋಡಿದ ಕಿವಿಗೆ, ಅದೂ ಮಂದವಾದ ಕಿವಿಗೆ, ಕೂಡಲೇ ಸಿಕ್ಕಿತು. ಅಪ್ಪಯ್ಯನ ಕಿವಿ ಹೋಗಿದೆ ಎಂದು ಅದುವರೆಗೆ ನಾನೂ ಹೇಳುತ್ತಿದ್ದೆ. ಆಮೇಲೆ ಹೇಳಲಿಲ್ಲ.

ಟಿ.ವಿ.ಯ ಹೆಡ್‌ಫೋನ್ ತೂತಿಗೆ ವೈರು ಹಾಕಿದರೆ ತಡ ಇಲ್ಲ, ಆದರೆ ನಮ್ಮ ಟಿ.ವಿ.ಯಲ್ಲಿ ಅದನ್ನು ಹಾಕಿದ ಕೂಡಲೇ ಸ್ಪೀಕರ್ ಬಂದಾಗುತ್ತದೆ, ಅಮ್ಮನಿಗೆ ಏನೂ ಕೇಳುವುದಿಲ್ಲ. ಕೊನೆಗೆ ಮಾಡಿದ್ದು ಇದು. ಟಿ.ವಿ.ಗೆ ಹೋಗುವ ಧ್ವನಿಯನ್ನು ಅದಕ್ಕೆ ಮುಂಚೆಯೇ ಕವಲು ಒಡೆಸಿದೆ. ವಿಜಿಎ ಅಡಾಪ್ಟರಿನ ಹಾಡಿನ ತೂತಿಗೆ ಒಂದಕ್ಕೆರಡು ಮಾಡುವ ಸಣ್ಣ ಕವಲು. ಒಂದು ಟಿ.ವಿ.ಗೆ, ಇನ್ನೊಂದು ಐದು ಮೀಟರ್ ವೈರಿನಲ್ಲಿ ಗೋಡೆಯಂಚು ಹಿಡಿದು ಅಪ್ಪಯ್ಯನ ಆರಾಮ ಕುರ್ಚಿಯ ಪಕ್ಕಕ್ಕೆ. ಅಲ್ಲಿ ಅಣ್ಣನ ಹಳೆಯ ಕಂಪ್ಯೂಟರಿನ ಸ್ಪೀಕರು ಸ್ಟೂಲಿನ ಮೇಲೆ, ಅವರ ಬಲಕಿವಿಯ ಎತ್ತರಕ್ಕೆ. ಅದರ ವಾಲ್ಯೂಮಿನ ತಿರುಗುಣಿ ಅವರ ಕೈಗೇ ಸಿಗುತ್ತದೆ. ಡಿಶ್ಶಿನ ಬಿಳಿ, ಕೆಂಪು ವೈರುಗಳಿಗೂ ಹಾಗೇ ಕವಲು ಮಾಡಿ ಆ ಸ್ಪೀಕರಿನ ಇನ್ನೊಂದು ತೂತಿಗೆ ಕೊಟ್ಟೆ. ಮೊದಲು ಸಣ್ಣಗೆ ಹುಂ ಎಂಬ ಸದ್ದು ಇತ್ತು. ಸ್ಪೀಕರನ್ನು ಬೇರೆ ಗೋಡೆಯ ಪ್ಲಗ್ಗಿನಿಂದ ತೆಗೆದು, ಟಿ.ವಿ. ಇರುವ ಎಕ್ಸ್‌ಟೆನ್ಷನ್ ಬೋರ್ಡಿಗೇ ಹಾಕಿದಾಗ ಹೋಯಿತು. ಕುರ್ಚಿಯ ಪಕ್ಕ ಜೋರು, ಅಮ್ಮ ಕೂರುವ ಮಣೆಯ ಹತ್ತಿರ ಮೆತ್ತಗೆ. ಪೆಟ್ಟೂ ಹೆಜ್ಜೆಯೂ ಕೂಡಿದವು.

ಇಷ್ಟೆಲ್ಲ ಮಾಡಿದ್ದು ಮುಂದಿನ ಸಿಡಿಲಿಗೆ ಮತ್ತೆ ಸುಟ್ಟರೆ ಏನು ಬಂತು? ಟಿ.ವಿ. ಬಿಚ್ಚಿದ ದಿನ ರಿಪೇರಿಯವರು ಡಿಶ್ ವೈರಿನ ತುದಿ ಮುಟ್ಟಿದಾಗ ಜುಮ್ ಅಂದಿತ್ತು. ಪೇಟೆಯಿಂದ ಎಲೆಕ್ಟ್ರಿಷಿಯನ್ ಕರೆಸಿದೆವು. ಸೋರಿದ ಕರೆಂಟನ್ನು ನೆಲಕ್ಕಿಳಿಸಲು ಬಾವಿಕಟ್ಟೆಯ ಹತ್ತಿರ ಇದ್ದ ಅರ್ಥಿಂಗ್ ಗುಂಡಿಗೆ ಹೋಗುವ ತಂತಿ ಯಾವಾಗಲೋ ತುಕ್ಕು ಹಿಡಿದು ತುಂಡಾಗಿತ್ತು. ಹೊಸ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ಹೊಸ ತಂತಿ ಎಳೆದರು. ಕೊಡೆಯ ಲೋಹಕ್ಕೂ ಅರ್ಥ್ ಕೊಟ್ಟರು. ನಮ್ಮಲ್ಲಿ ಡಿಶ್ಶಿಗೆ ಕೊಡೆ ಅನ್ನುತ್ತಾರೆ.

ಅರ್ಥಿಂಗ್ ಇದ್ದರೂ ಹತ್ತಿರದ ಸಿಡಿಲಿಗೆ ವೈರು ಕಳಚಿಡುವುದೇ ಭದ್ರ. ಆದರೆ ಡಿಶ್ ವೈರಿನ ತಿರುಪು ಬಿಚ್ಚಲು ಅಮ್ಮನ ಗಂಟುನೋವಿನ ಬೆರಳಿಗೆ ಆಗುವುದಿಲ್ಲ. ತಿರುಗಿಸದೆ ಒತ್ತಿ ಕೂರಿಸುವ, ಎಳೆದರೆ ಬರುವ ತಲೆಯೊಂದು ಸಿಗುತ್ತದೆ, ಅದನ್ನು ಹಾಕಿಸಿದೆ. ಕಳಚಬೇಕಾದ ಮೂರಕ್ಕೂ ಕೆಂಪು ಉಲ್ಲನ್ ದಾರ ಕಟ್ಟಿದೆ: ಕೊಡೆ ವೈರು, ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ಗು, ಸ್ಟಿಕ್ಕಿನ ಚಾರ್ಜರು. ಅಮ್ಮ ಹಳೆಯ ಮದುವೆ ಕಾಗದದ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾಳೆ; ಅದರಲ್ಲಿ ಪಿಸಿ ಎಂದರೆ ಇನ್‌ಪುಟ್ ಪಟ್ಟಿಯಲ್ಲಿ ವಿಜಿಎಯ ಹೆಸರು. "ಡಿಶ್: ಎವಿ. ಯಕ್ಷಗಾನ: ಪಿಸಿ. ಪೆನ್: ಯುಎಸ್‌ಬಿ. ದೂರದಲ್ಲಿ ಗುಡುಗಿದಾಗಲೇ ಮೂರು ಕೆಂಪು ತೆಗೆಯುವುದು. ತಲೆ ಮೇಲೆ ಬಂದ ಮೇಲೆ ಮುಟ್ಟಬಾರದು." ಕೊನೆಯ ಸಾಲಿಗೆ ಎರಡು ಗೆರೆ ಎಳೆಸಿದ್ದು ನಾನು. ವೈರಿಗಿಂತ ಅವಳ ಕೈ ನನಗೆ ಮುಖ್ಯ.

ಈ ವರ್ಷ ಏಪ್ರಿಲ್‌ನಲ್ಲಿ ಮೊದಲ ಗುಡುಗಿನ ದಿನ ನಾನು ಬೆಂಗಳೂರಿನಲ್ಲಿ ಆಫೀಸಿನಲ್ಲಿದ್ದೆ. ಫೋನ್ ಬಂತು.

"ಪುಟ್ಟಿ, ಆಗುಂಬೆ ಬದಿ ಕಪ್ಪಾಗಿದೆ. ಮೂರೂ ತೆಗೆದಾಯ್ತು."

"ಕೊಡೆ ವೈರು ದೂರ ಇಟ್ಯಾ? ಬಾಕ್ಸಿಗೆ ತಾಗೋ ಹಾಗೆ ಬಿಡ್ಬೇಡ."

"ಕಿಟಕಿ ಹತ್ರ ಇಟ್ಟಿದೀನಿ. ಮುಟ್ಟೂದಿಲ್ಲ ಈಗ."

"ಅಪ್ಪಯ್ಯ ಎಂತ ಮಾಡ್ತಿದ್ದಾರೆ?"

"ಆಟ ಅರ್ಧಕ್ಕೆ ನಿಂತು ಹೋಯ್ತು ಅಂತ ಕೂತಿದ್ದಾರೆ. ಸೆಲ್ ಹಾಕಿ ರೇಡಿಯೋ ಹಚ್ಚಿ ಕೊಟ್ಟೆ, ಭದ್ರಾವತಿ ಸ್ಟೇಷನ್. ಮಿಂಚಿದಾಗೆಲ್ಲ ಕರಕರ ಅಂತದೆ. ತಡಿ, ಮಳೆ ಬಂತು, ಅಡಿಕೆ ಒಳಗೆ ಹಾಕ್ಬೇಕು."